ಬ್ರೌನ್ ಬೆಸ್ ಮಸ್ಕೆಟ್: ಹಲವು ವರ್ಷ ಬಳಸಿದ ಮೇಲೆ ಹೊಸಬರಿಗೆ ಹೇಳುವ ಮಾತು

ಇದು ಬ್ರೌನ್ ಬೆಸ್ ಮಸ್ಕೆಟ್ಟಿನ, ಅಂದರೆ 18ನೇ ಶತಮಾನದ ಬ್ರಿಟಿಷ್ ಸೈನಿಕರ ಕೋವಿಯ, ಈಗಿನ ಕಾಲದ ಪ್ರತಿಕೃತಿಯ ಬಗ್ಗೆ. 42 ಇಂಚು ನಳಿಗೆಯ ಶಾರ್ಟ್ ಲ್ಯಾಂಡ್ ಮಾದರಿ, .75 ಕ್ಯಾಲಿಬರ್ (ನಳಿಗೆಯ ಒಳ ಅಗಲ ಮುಕ್ಕಾಲು ಇಂಚು), ಚಕಮಕಿ ಕಲ್ಲಿನ ಲಾಕ್ (ಕಿಡಿ ಹೊಡೆಸುವ ಯಂತ್ರಭಾಗ). ಅಮೆರಿಕದಲ್ಲಿ ಕ್ರಾಂತಿ ಯುದ್ಧದ (1775ರಿಂದ 1783) ಮರುನಟನೆಗೆ, ಅಂದರೆ ಆ ಕಾಲದ ವೇಷ ತೊಟ್ಟು ಕದನ ಅಭಿನಯಿಸುವ ಹವ್ಯಾಸಕ್ಕೆ, ಸೇರಬೇಕು ಅಂದುಕೊಂಡವರು ಮೊದಲು ವಿಚಾರಿಸುವ ಕೋವಿ ಇದೇ. ನಾನು ಇದನ್ನು ಎರಡು ಕೆಲಸಕ್ಕೂ ಬಳಸುತ್ತೇನೆ. ಶಿಬಿರಗಳಲ್ಲಿ ಬರೀ ಮದ್ದು ಹಾಕಿ ಹಾರಿಸುತ್ತೇನೆ, ರೇಂಜಿನಲ್ಲಿ ಗುಂಡು ಹಾಕಿ ಗುರಿ ಹೊಡೆಯುತ್ತೇನೆ. ಕೋವಿ ನನಗೆ ತುಂಬಾ ಇಷ್ಟ. ಆದರೂ ಹೊಸಬರು ಇದನ್ನು ಎಲ್ಲಕ್ಕಿಂತ ಕೊನೆಗೆ ಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾರಣ ಸರಳ. ಯಾವ ಕೋವಿ ಬೇಕು ಅನ್ನುವುದನ್ನು ನಿರ್ಧರಿಸುವುದು ನೀವು ಸೇರುವ ತಂಡ. ಬ್ರಿಟಿಷ್ ರೆಜಿಮೆಂಟಿನ ತಂಡವಾದರೆ ಬ್ರೌನ್ ಬೆಸ್ ಸರಿ. ಯುದ್ಧದ ಕೊನೆಯ ವರ್ಷಗಳ ಕಾಂಟಿನೆಂಟಲ್ ಸೇನೆಯ (ಬ್ರಿಟಿಷರ ವಿರುದ್ಧ ಹೋರಾಡಿದ ಅಮೆರಿಕನ್ನರ ಸೇನೆ) ತಂಡವಾದರೆ ಫ್ರಾನ್ಸಿನಿಂದ ಬಂದ .69 ಕ್ಯಾಲಿಬರಿನ ಶಾರ್ಲವಿಲ್ ಮಸ್ಕೆಟ್ ಕೇಳಬಹುದು. ಗಡಿನಾಡಿನ ಬೇಟೆಗಾರನ ಪಾತ್ರಕ್ಕೆ ಉದ್ದ ನಳಿಗೆಯ ರೈಫಲ್ಲೇ ಬೇಕು. ಹೆಚ್ಚಿನ ತಂಡಗಳಲ್ಲಿ ಹೊಸಬರಿಗೆಂದೇ ಎರವಲು ಕೋವಿ, ಕೋಟು, ಚೀಲ ಇರುತ್ತವೆ. ಮೊದಲ ಸೀಸನ್ ಅದರಲ್ಲೇ ಕಳೆಯಿರಿ. ನಿಮಗೆ ಯಾವ ಕಾಲ, ಯಾವ ಪಾತ್ರ ಒಗ್ಗುತ್ತದೆ ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ.

ಮೊದಲು ದುಡ್ಡು ಹಾಕಬೇಕಾದದ್ದು ಬಟ್ಟೆಗೆ ಮತ್ತು ಬೂಟಿಗೆ. ಲಿನನ್ ಅಂಗಿ, ಉಣ್ಣೆಯ ವೇಸ್ಟ್‌ಕೋಟು, ಮೊಣಕಾಲಿನ ಕೆಳಗೆ ಗುಂಡಿ ಹಾಕುವ ಚಲ್ಲಣ. ಬರೀ ನೋಟಕ್ಕೆ ಅಂತ ಇದನ್ನು ಹೇಳುತ್ತಿಲ್ಲ. ಪಕ್ಕದವರ ಲಾಕಿನಿಂದ ಕಿಡಿ ಹಾರಿ ಬಂದು ತೋಳಿನ ಮೇಲೆ ಬೀಳುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಉಣ್ಣೆಗೆ ಬೆಂಕಿ ಸುಲಭಕ್ಕೆ ಹತ್ತುವುದಿಲ್ಲ. ಆದರೆ ಬೇಸಿಗೆಯಲ್ಲಿ ಉಣ್ಣೆಯ ಕೋಟು ಹಾಕಿ ಕವಾಯತು ಮಾಡುವುದು ಸುಲಭವಲ್ಲ. ಬಾಯಾರಿಕೆ ಆಗುವ ಮೊದಲೇ ನೀರು ಕುಡಿಯುತ್ತಿರಬೇಕು.

ಇನ್ನು ಕೋವಿಯ ವಿಷಯ. ಇದರ ಜೀವ ಇರುವುದು ಲಾಕಿನಲ್ಲಿ. ಕುದುರೆಯ (ಟ್ರಿಗರ್ ಎಳೆದಾಗ ಮುಂದಕ್ಕೆ ಬಡಿಯುವ ಭಾಗ) ಬಾಯಲ್ಲಿ ಕಚ್ಚಿಸಿದ ಚಕಮಕಿ ಕಲ್ಲು ಫ್ರಿಜನ್ ಅನ್ನುವ ಉಕ್ಕಿನ ತಗಡಿಗೆ ಬಡಿದು, ಕೆರೆದುಕೊಂಡು ಕೆಳಗಿಳಿಯುತ್ತದೆ. ಉರಿಯುವುದು ಕಲ್ಲಲ್ಲ, ಅದು ಕೆರೆದು ತೆಗೆದ ಉಕ್ಕಿನ ಚೂರು. ಹಾಗಾಗಿ ಫ್ರಿಜನ್ ಗಡಸಾಗಿರಬೇಕು. ಅದು ಮೆತ್ತಗಿದ್ದರೆ ಎಂಥ ಕಲ್ಲು ಹಾಕಿದರೂ ಕಿಡಿ ಬರುವುದಿಲ್ಲ. ಕೊಳ್ಳುವ ಮೊದಲು ಕೋವಿ ಖಾಲಿ ಇದೆ ಅಂತ ಖಚಿತಪಡಿಸಿಕೊಂಡು, ಮಬ್ಬು ಬೆಳಕಿನಲ್ಲಿ ಕುದುರೆ ಬಡಿಸಿ ನೋಡಿ. ಕಿಡಿಗಳು ಗುಂಪಾಗಿ ಲಾಕಿನ ಮದ್ದಿನ ಬಟ್ಟಲಿಗೇ ಬೀಳಬೇಕು, ಅಲ್ಲಿ ಹತ್ತಿದ ಬೆಂಕಿಯೇ ಪಕ್ಕದ ಕಿಡಿತೂತಿನ ಮೂಲಕ ನಳಿಗೆಯೊಳಗಿನ ಮದ್ದಿಗೆ ಹೋಗುವುದು. ನನ್ನ ಕೋವಿಯ ಫ್ರಿಜನ್ ಮೇಲೆ ಈಗ ತೆಳ್ಳಗೆ ಗೀರು ಬಿದ್ದಿದೆ, ಆದರೂ ಕಿಡಿ ಚೆನ್ನಾಗಿದೆ. ಮುಂದೆ ಸವೆದರೆ ಕುಶಲ ಕೋವಿ ರಿಪೇರಿಯವರು ಮತ್ತೆ ಗಡಸು ಮಾಡಿಕೊಡುತ್ತಾರೆ. ಸ್ಪ್ರಿಂಗ್‌ಗಳು ಮೊದಲ ದಿನದಷ್ಟೇ ಬಿಗಿ. ಟ್ರಿಗರ್ ಮಾತ್ರ ಭಾರ, ಸೇನೆಯ ಕೋವಿ ಅಂದರೆ ಹಾಗೇ.

ಕಲ್ಲನ್ನು ತೊಗಲಿನ ತುಂಡಿನಲ್ಲಿ ಸುತ್ತಿ ಕಚ್ಚಿಸಬೇಕು. ಅದರ ಅಂಚು ಫ್ರಿಜನ್ನಿಗೆ ಪೂರ್ತಿ ಅಗಲಕ್ಕೆ ತಾಗಬೇಕು. ಮೊಂಡಾದರೆ ಸಣ್ಣಗೆ ತಟ್ಟಿ ಚೂಪು ಮಾಡಬಹುದು. ಈ ಕೆಲಸ ಕೈಗೆ ಹತ್ತಿದ ಮೇಲೆ ಕೋವಿ ಹಾರದೆ ಕೈಕೊಡುವುದು ಎಷ್ಟೋ ಕಡಿಮೆಯಾಗುತ್ತದೆ.

ಗುರಿ ಹೊಡೆಯುವುದು? ಇದು ರೈಫಲ್ ಅಲ್ಲ, ನಳಿಗೆಯ ಒಳಗೆ ತಿರುಚು ಗೆರೆಗಳಿಲ್ಲ. ಹಿಂದಿನ ಗುರಿಪಟ್ಟಿಯೂ ಇಲ್ಲ. ಬಯೊನೆಟ್ ಸಿಕ್ಕಿಸುವ ಗೂಟವನ್ನೇ ನೋಡಿ ಗುರಿ ಹಿಡಿಯಬೇಕು. ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿದ ಗುಂಡು ಹಾಕಿದರೆ 50 ಗಜದವರೆಗೆ ನನಗೆ ಖುಷಿ ಕೊಡುವಷ್ಟು ನೇರ ಹೋಗುತ್ತದೆ. 100 ಗಜ ಅಂದರೆ ಅದೃಷ್ಟದ ಮಾತು. ಟ್ರಿಗರ್ ಎಳೆದದ್ದಕ್ಕೂ ಗುಂಡು ಹೊರಡುವುದಕ್ಕೂ ನಡುವೆ ಒಂದು ಚಿಕ್ಕ ತಡ ಇದೆ. ಅಷ್ಟರಲ್ಲಿ ಕಣ್ಣ ಮುಂದೆ ಬೆಂಕಿ ಏಳುತ್ತದೆ, ತಲೆ ತಾನಾಗಿ ಹಿಂದೆ ಸರಿಯುತ್ತದೆ. ಖಾಲಿ ಕೋವಿಗೆ ಕಲ್ಲಿನ ಬದಲು ಮರದ ತುಂಡು ಕಚ್ಚಿಸಿ ಮನೆಯಲ್ಲೇ ಅಭ್ಯಾಸ ಮಾಡಿದರೆ ಈ ಅಂಜಿಕೆ ಹೋಗುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಬಿರಡೆ ಕಡ್ಡಾಯ.

ಮದ್ದಿನ ವಿಷಯದಲ್ಲಿ ರಾಜಿ ಇಲ್ಲ. ಅಪ್ಪಟ ಕಪ್ಪು ಮದ್ದೇ ಬೇಕು: ಪೆಟ್ಲುಪ್ಪು 75 ಪಾಲು, ಇದ್ದಿಲು 15, ಗಂಧಕ 10. ಬದಲಿ ಮದ್ದುಗಳು ಕಲ್ಲಿನ ಬದಲು ಸಿಡಿಯುವ ಕೇಪು ಹಾಕುವ ಕೋವಿಗೆ ನಡೆಯುತ್ತವೆ. ಚಕಮಕಿಯ ಸಣ್ಣ ಕಿಡಿಗೆ ಅವು ಸರಿಯಾಗಿ ಹತ್ತಿಕೊಳ್ಳುವುದಿಲ್ಲ. ಈಗಿನ ಹೊಗೆಯಿಲ್ಲದ ಮದ್ದನ್ನಂತೂ ಚಿಟಿಕೆಯಷ್ಟೂ ಹಾಕಬಾರದು, ನಳಿಗೆ ಸಿಡಿದುಹೋಗುತ್ತದೆ. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಲೂಬಾರದು. ಹಿಂದಿನ ಹೊಡೆತದ ಕೆಂಡ ಒಳಗೆ ಉಳಿದಿದ್ದರೆ ಇಡೀ ಕೊಂಬೇ ಕೈಯಲ್ಲಿ ಸಿಡಿಯುತ್ತದೆ. ಅಳತೆಯ ಬಟ್ಟಲಿಗೆ ಸುರಿದು ಅಲ್ಲಿಂದ ಹಾಕಿ. ಎಷ್ಟು ಹಾಕಬೇಕು ಅನ್ನುವುದು ತಯಾರಕರ ಕೈಪಿಡಿಯಲ್ಲಿರುತ್ತದೆ. ಗುಂಡು ಮದ್ದಿನ ಮೇಲೆ ಕೂರುವವರೆಗೂ ತಳ್ಳಬೇಕು, ನಡುವೆ ಜಾಗ ಬಿಡಬಾರದು. ಖಾಲಿ ನಳಿಗೆಗೆ ಗುಂಡು ತಳ್ಳುವ ಸರಳು ಎಲ್ಲಿಯವರೆಗೆ ಇಳಿಯುತ್ತದೆ, ತುಂಬಿದಾಗ ಎಲ್ಲಿಯವರೆಗೆ ಅಂತ ಅದರ ಮೇಲೆ ಗುರುತು ಹಾಕಿಕೊಳ್ಳಿ. ಕೋವಿ ತುಂಬಿದೆಯೋ ಇಲ್ಲವೋ ಎಂಬ ಅನುಮಾನವೇ ಉಳಿಯುವುದಿಲ್ಲ.

ಈ ಮದ್ದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಗಟ್ಟಿ ಮಸಿಯಾಗಿ ಉಳಿಯುತ್ತದೆ. ಅದು ಗಾಳಿಯ ತೇವ ಎಳೆದುಕೊಂಡು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಆದ್ದರಿಂದ ಅವತ್ತೇ ತೊಳೆಯಬೇಕು. ಬಿಸಿನೀರು, ಸ್ವಲ್ಪ ಸೋಪು, ಬಟ್ಟೆಯ ತುಂಡು, ಕೊನೆಗೆ ಎಣ್ಣೆ. ಇಷ್ಟು ಸಾಕು. ಈ ಮಾದರಿಯಲ್ಲಿ ನಳಿಗೆಯನ್ನು ಮರಕ್ಕೆ ಸಣ್ಣ ಪಿನ್ನುಗಳಲ್ಲಿ ಸೇರಿಸಿರುತ್ತಾರೆ. ಪದೇ ಪದೇ ಬಿಚ್ಚಿದರೆ ಮರ ಸವೆಯುತ್ತದೆ. ನಾನು ಪಕ್ಕದ ಕಿಡಿತೂತಿಗೆ ಕಡ್ಡಿ ಸಿಕ್ಕಿಸಿ, ನಳಿಗೆಗೆ ನೀರು ತುಂಬಿ ಅಲ್ಲಾಡಿಸಿ ಚೆಲ್ಲುತ್ತೇನೆ. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ. ನಳಿಗೆಯ ಹೊರಮೈ ಬಿಳಿ ಉಕ್ಕು, ಬೆವರಿನ ಬೆರಳು ತಾಗಿದರೂ ಕಲೆ ಬೀಳುತ್ತದೆ. ಆ ಕಾಲದ ಸೈನಿಕರು ಇಟ್ಟಿಗೆ ಪುಡಿ ಹಾಕಿ ಉಜ್ಜುತ್ತಿದ್ದರು. ತೊಳೆಯಲು ಬೇಜಾರು ಪಡುವವರಿಗೆ ಈ ಹವ್ಯಾಸ ಬೇಡ.

ಮರುನಟನೆಯಲ್ಲಿ ಗುಂಡು ಇರುವುದಿಲ್ಲ, ಕಾಗದದ ತೋಟೆಯಲ್ಲಿ ಮದ್ದು ಮಾತ್ರ. ಸಾಲಿನಲ್ಲಿ ನಿಂತಾಗ ಸರಳನ್ನು ಹೊರಗೆ ತೆಗೆಯಲು ಬಿಡುವುದಿಲ್ಲ, ಮರೆತು ಒಳಗೇ ಬಿಟ್ಟರೆ ಅದೇ ಬಾಣವಾಗುತ್ತದೆ ಅಲ್ವಾ. ಫ್ರಿಜನ್ ಮುಚ್ಚುವ ತೊಗಲಿನ ಚೀಲ, ಪಕ್ಕದವರ ಮುಖಕ್ಕೆ ಬೆಂಕಿ ತಾಗದಂತೆ ತಡೆಯುವ ಹಿತ್ತಾಳೆ ತಗಡು, ಇವೆರಡೂ ಇಲ್ಲದಿದ್ದರೆ ತಪಾಸಣೆಯಲ್ಲೇ ವಾಪಸ್ ಕಳಿಸುತ್ತಾರೆ. ಬ್ರಿಟಿಷ್ ತಂಡಗಳ ಕವಾಯತು 1764ರ ಕ್ರಮದ್ದು. ಅದನ್ನು ಮೈಗೂಡಿಸಿಕೊಂಡು, ಹತ್ತಾರು ಜನ ಒಂದೇ ಆಜ್ಞೆಗೆ ಕೋವಿ ಎತ್ತುವಾಗ ನೀವೂ ಅದರಲ್ಲಿದ್ದರೆ ಆ ಸಂತೋಷವೇ ಬೇರೆ. ಇನ್ನೊಂದು ವಿಷಯ. ಅಮೆರಿಕದ ಕೇಂದ್ರ ಸರ್ಕಾರದ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಜಾಗಗಳಲ್ಲಿ ಎರಡು ಪಕ್ಷ ಎದುರುಬದುರಾಗಿ ಹಾರಿಸುವ ಅಣಕು ಯುದ್ಧಕ್ಕೆ ಅನುಮತಿ ಇಲ್ಲ. ಹಾರಿಸಿ ತೋರಿಸುವ ಪ್ರದರ್ಶನ ಮಾತ್ರ. ಯುದ್ಧದ ದೃಶ್ಯ ನೋಡಬೇಕಾದರೆ ನ್ಯೂಜೆರ್ಸಿಯ ಮಾನ್‌ಮತ್‌ನಂಥ ರಾಜ್ಯದ ಪಾರ್ಕುಗಳಿಗೆ ಹೋಗಬೇಕು. ಅಲ್ಲಿ 1778ರ ಜೂನ್ 28ರಂದು ನಿಜವಾದ ಕದನ ನಡೆದಿತ್ತು.

ಕನ್ನಡದ ಓದುಗರಿಗೆ ಈ ಕೋವಿ ಪೂರ್ತಿ ಪರದೇಶಿಯೇನಲ್ಲ. ಇದರ 39 ಇಂಚು ನಳಿಗೆಯ ತಮ್ಮ, ಇಂಡಿಯಾ ಪ್ಯಾಟರ್ನ್, ಈಸ್ಟ್ ಇಂಡಿಯಾ ಕಂಪನಿಗೆಂದೇ ತಯಾರಾದದ್ದು. ಟಿಪ್ಪುವಿನ ಕಾಲದಲ್ಲಿ ಕಂಪನಿಯ ಸಿಪಾಯಿಗಳ ಕೈಯಲ್ಲಿದ್ದದ್ದು ಇದೇ ಬಳಗದ ಕೋವಿ.

ಕಾನೂನು ಚುಟುಕಾಗಿ: ಅಮೆರಿಕದ 1968ರ ಫೆಡರಲ್ ಕಾಯ್ದೆ ಇಂಥ ಪ್ರತಿಕೃತಿಗಳನ್ನು ಪುರಾತನ ಕೋವಿಗಳ ಸಾಲಿಗೆ ಸೇರಿಸುತ್ತದೆ. ಆದರೆ ರಾಜ್ಯಗಳ ನಿಯಮ ಬೇರೆ ಬೇರೆ, ನಿಮ್ಮ ರಾಜ್ಯದ್ದು ಓದಿಕೊಳ್ಳಿ. ವಿಮಾನದಲ್ಲಿ ಮದ್ದು ಒಯ್ಯುವಂತಿಲ್ಲ.

ಕೊಳ್ಳುವಾಗ ನಳಿಗೆಗೆ ಪ್ರೂಫ್ ಪರೀಕ್ಷೆಯ (ಹೆಚ್ಚು ಮದ್ದು ಹಾಕಿ ಹಾರಿಸಿ ನಳಿಗೆಯ ಗಟ್ಟಿತನ ನೋಡುವುದು) ಮುದ್ರೆ ಇದೆಯೇ ನೋಡಿ. ಕಡಿಮೆ ಬೆಲೆಯ ಕೆಲವು ಪ್ರತಿಕೃತಿಗಳು ಕಿಡಿತೂತು ಕೊರೆಯದೆ ಬರುತ್ತವೆ, ಆಮೇಲೆ ಇಲ್ಲಿ ಕೊರೆದು ಮಾರುತ್ತಾರೆ. ಅಂಥದ್ದನ್ನು ಯಾರು ಪರೀಕ್ಷಿಸಿದರು, ಹೇಗೆ ಪರೀಕ್ಷಿಸಿದರು ಅಂತ ಬರೆದು ಕೊಡಲು ಕೇಳಿ. ಕೊಡದಿದ್ದರೆ ಕೊಳ್ಳಬೇಡಿ. ಬೇಟೆ ಅಥವಾ ಗುರಿ ಸ್ಪರ್ಧೆಯೇ ನಿಮಗೆ ಮುಖ್ಯವಾದರೆ ಬ್ರೌನ್ ಬೆಸ್ ಬಿಟ್ಟು .50 ಕ್ಯಾಲಿಬರಿನ ರೈಫಲ್ ನೋಡಿ. ಸಾಲಿನಲ್ಲಿ ನಿಲ್ಲುವ ಆಸೆ ಇದ್ದರೆ ಇದನ್ನೇ ತೆಗೆದುಕೊಳ್ಳಿ, ಜೊತೆಗೆ ಕಲ್ಲುಗಳನ್ನು ಸ್ವಲ್ಪ ಜಾಸ್ತಿಯೇ ತರಿಸಿಟ್ಟುಕೊಳ್ಳಿ.