ಸುರುಸುರು ಬತ್ತಿಯೋ, ಹೂಕುಂಡವೋ?

ಅಂಗಳ ಚಿಕ್ಕದು, ಮಕ್ಕಳ ಹಟ ದೊಡ್ಡದು ಎನ್ನುವವರು ದೀಪಾವಳಿಗೆ ಈ ಎರಡು ಪಟಾಕಿಗಳ ನಡುವೆಯೇ ತೂಗುತ್ತಾರೆ.

ಸುರುಸುರು ಬತ್ತಿ ಸಾಧು ಎಂಬ ನಂಬಿಕೆ ನನಗಿಲ್ಲ. ಉರಿಯುವಾಗ ಅದರ ಬಿಸಿ 1000 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಆರಿದ ತಂತಿ ಕಪ್ಪಗೆ, ತಣ್ಣಗಾದಂತೆ ಬಿದ್ದಿರುತ್ತದೆ. ಬರಿಗಾಲು ಹೋಗಿ ಅದನ್ನೇ ತುಳಿಯುತ್ತದೆ. ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟು, ಪ್ರತಿ ಕಡ್ಡಿಯನ್ನೂ ಚುಂಯ್ ಎನ್ನಿಸಿ.

ಹೂಕುಂಡ ಕೈಯಲ್ಲಿರುವುದಿಲ್ಲ, ನೋಟವೂ ಚೆಂದ. ಆದರೆ ಒಮ್ಮೊಮ್ಮೆ ಸಿಡಿಯುತ್ತದೆ. ಅದರ ಮೇಲೆ ಬಗ್ಗದೆ, ಉದ್ದನೆಯ ಊದುಬತ್ತಿಯಿಂದ ಕೈಚಾಚಿ ದೊಡ್ಡವರೇ ಹಚ್ಚಲಿ. ಹೊತ್ತಿಕೊಳ್ಳದಿದ್ದರೆ ಇಣುಕಬೇಡಿ, ಕಾದು ನೀರು ಸುರಿಯಿರಿ.

ಸದ್ದು ಎರಡರದ್ದೂ ಕಡಿಮೆ, ಹೊಗೆ ಎರಡರದ್ದೂ ಉಂಟು. ನೆರೆಮನೆಯಲ್ಲಿ ಉಬ್ಬಸದವರಿದ್ದರೆ ಮೊದಲೇ ಹೇಳಿ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿಗೆ ಕೊಟ್ಟ ಹೊತ್ತು ರಾತ್ರಿ 8ರಿಂದ 10.

ಪುಟ್ಟ ಮಕ್ಕಳಿರುವ ಮನೆಗೆ ನಾನು ಕೊಳ್ಳುವುದು ಹೂಕುಂಡವನ್ನೇ.