ಮೊಲಗಳಿಗೆ ಯೀಸ್ಟ್ ಪುಡಿ, ಖನಿಜ ಮಿಶ್ರಣ, ಟಾನಿಕ್: ಕೆಲವು ವರ್ಷಗಳ ಬಳಕೆಯ ನಂತರ

ತೀರ್ಥಹಳ್ಳಿ ಕಡೆಯ ನಮ್ಮ ಶೆಡ್ಡಿನಲ್ಲಿರುವ ನ್ಯೂಜಿಲೆಂಡ್ ವೈಟ್ ಮತ್ತು ಸೋವಿಯತ್ ಚಿಂಚಿಲ್ಲಾ ಮೊಲಗಳಿಗೆ ಕೆಲವು ವರ್ಷಗಳಿಂದ ಯೀಸ್ಟ್ ಆಧಾರಿತ ಪ್ರೊಬಯಾಟಿಕ್ (ಕರುಳಿಗೆ ನೆರವಾಗುವ ಜೀವಂತ ಸೂಕ್ಷ್ಮಜೀವಿಗಳ) ಪುಡಿ, ಖನಿಜ ಮಿಶ್ರಣ, ವಿಟಮಿನ್ ಟಾನಿಕ್ ಹಾಗೂ ಮಳೆಗಾಲದಲ್ಲಿ ಟಾಕ್ಸಿನ್ ಬೈಂಡರ್ (ಆಹಾರದಲ್ಲಿನ ಬೂಷ್ಟಿನ ವಿಷವನ್ನು ಹಿಡಿದಿಡುವ ಪುಡಿ) ಕೊಡುತ್ತಾ ಬಂದಿದ್ದೇನೆ. ಇವುಗಳಲ್ಲಿ ಕೊಟ್ಟ ಹಣಕ್ಕೆ ತಕ್ಕ ಫಲ ಕಂಡದ್ದು ಯೀಸ್ಟ್ ಪುಡಿಯಿಂದ, ಅದೂ ಮುಖ್ಯವಾಗಿ ಮರಿಗಳನ್ನು ತಾಯಿಯಿಂದ ಬಿಡಿಸುವ ಹೊತ್ತಿನಲ್ಲಿ.

ನಾಲ್ಕೈದು ವಾರಕ್ಕೆ ಹಾಲು ಬಿಟ್ಟ ಮರಿಯ ದೊಡ್ಡ ಕರುಳಿನಲ್ಲಿ ನಾರನ್ನು ಕೊಳೆಸಿ ಅರಗಿಸುವ ಸೂಕ್ಷ್ಮಜೀವಿಗಳು ಇನ್ನೂ ನೆಲೆಯೂರಿರುವುದಿಲ್ಲ. ಆ ದಿನಗಳಲ್ಲಿ ಮೆಕ್ಕೆಜೋಳದಂತಹ ಪಿಷ್ಟದ ಆಹಾರ ಹೆಚ್ಚಾದರೆ ಹೊಟ್ಟೆಯುಬ್ಬರ, ಭೇದಿ ಶುರುವಾಗಿ ಒಂದೇ ರಾತ್ರಿಯಲ್ಲಿ ಮರಿ ಸಾಯುವುದುಂಟು. ಬಿಡಿಸುವ ಮೊದಲೇ ಕೈತಿಂಡಿಯಲ್ಲಿ (ಧಾನ್ಯ, ಬೂಸಾ, ಹಿಂಡಿಗಳ ಮಿಶ್ರಣದಲ್ಲಿ) ಯೀಸ್ಟ್ ಬೆರೆಸಿ, ಜೊತೆಗೆ ಒಣಹುಲ್ಲನ್ನು ಸದಾ ಮುಂದಿಟ್ಟ ತಂಡಗಳಲ್ಲಿ ಈ ಸಾವು ಸ್ಪಷ್ಟವಾಗಿ ಇಳಿಯಿತು. ಹುಲ್ಲು ಕಡಿಮೆಯಾದ ತಂಡಗಳಲ್ಲಿ ಅದೇ ಪುಡಿಯಿಂದ ಹೇಳಿಕೊಳ್ಳುವಂತಹ ಉಪಯೋಗ ಕಾಣಲಿಲ್ಲ. ಆದ್ದರಿಂದ ಆಹಾರದಲ್ಲಿ ಶೇಕಡಾ 14ರಿಂದ 18ರಷ್ಟು ನಾರು ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ಪೂರಕಗಳಿಗೆ ಹಣ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಪುಡಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಬೆಳಿಗ್ಗೆ ಪಂಜರದ ಕೆಳಗೆ ಬಿದ್ದ ಹಿಕ್ಕೆ ನೋಡಿ ತಿಳಿಯಬಹುದು. ಗಟ್ಟಿಯಾದ, ದುಂಡನೆಯ, ಮುರಿದರೆ ಒಳಗೆ ನಾರು ಕಾಣುವ ಹಿಕ್ಕೆ ಆರೋಗ್ಯದ ಗುರುತು. ಗೊಂಚಲಾಗಿ ಅಂಟಿಕೊಂಡು ಹೊಳೆಯುವ ಇನ್ನೊಂದು ಬಗೆಯ ಮೆತ್ತನೆಯ ಹಿಕ್ಕೆಯನ್ನು ಮೊಲ ಗುದದಿಂದ ಹೊರಬರುವಾಗಲೇ ನೇರವಾಗಿ ಬಾಯಿ ಹಾಕಿ ತಿನ್ನಬೇಕು. ಬಿ ಗುಂಪಿನ ವಿಟಮಿನ್‌ಗಳು ಅದಕ್ಕೆ ದೊರೆಯುವುದು ಬಹುಪಾಲು ಇದರಿಂದಲೇ. ಅದು ತಿನ್ನದೆ ಉಳಿದು ಜಾಲರಿಗೆ ಮೆತ್ತಿಕೊಂಡಿದ್ದರೆ ಕೈತಿಂಡಿ ಹೆಚ್ಚಾಗಿದೆಯೇ ಎಂದು ಮೊದಲು ನೋಡಬೇಕು. ಬಿ ವಿಟಮಿನ್‌ಗಳು ಹೀಗೆ ಹಿಕ್ಕೆಯಿಂದಲೇ ಸಿಗುವುದರಿಂದ ಬಿ ಕಾಂಪ್ಲೆಕ್ಸ್ ಟಾನಿಕ್‌ಗಳನ್ನು ಆರೋಗ್ಯವಂತ ಮೊಲಗಳಿಗೆ ನಿತ್ಯ ಕುಡಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ವಿಟಮಿನ್ ಎ ವಿಷಯದಲ್ಲಂತೂ ಎಚ್ಚರ ಬೇಕು: ಕೊರತೆಯಾದರೂ ಅತಿಯಾದರೂ ಗರ್ಭ ನಿಲ್ಲದಿರುವುದು, ಮರಿಗಳು ದುರ್ಬಲವಾಗಿ ಹುಟ್ಟುವುದು ಎರಡೂ ಆಗುತ್ತವೆ.

ಖನಿಜ ಮಿಶ್ರಣವನ್ನು ಹಾಲೂಡುವ ತಾಯಿಗಳಿಗೆ ಮಾತ್ರ ಕೈತಿಂಡಿಯ ಶೇಕಡಾ 1ರಷ್ಟು ಬೆರೆಸುತ್ತೇನೆ, ಏಕೆಂದರೆ ಗೋಧಿ ಬೂಸಾದಲ್ಲಿ ರಂಜಕ ಹೆಚ್ಚಿದ್ದು ಸುಣ್ಣದ ಅಂಶ ತೀರ ಕಡಿಮೆ. ಕುದುರೆ ಮಸಾಲೆ ಸೊಪ್ಪು ತಿನ್ನುವ ಉಳಿದ ಮೊಲಗಳಿಗೆ ಅದರ ಅಗತ್ಯ ಬೀಳುವುದಿಲ್ಲ. ಮೊಲದ ಕರುಳು ಸಿಕ್ಕ ಸುಣ್ಣವನ್ನೆಲ್ಲ ಹೀರಿ ಹೆಚ್ಚಾದುದನ್ನು ಮೂತ್ರದಲ್ಲಿ ಹೊರಹಾಕುವುದರಿಂದ, ಪಂಜರದ ಕೆಳಗಿನ ತಟ್ಟೆಯಲ್ಲಿ ಸುಣ್ಣದ ತಿಳಿಯಂತೆ ಬಿಳಿ ಗಸಿ ದಪ್ಪವಾಗಿ ಕಟ್ಟತೊಡಗಿದರೆ ಪ್ರಮಾಣ ಇಳಿಸುತ್ತೇನೆ.

ಕೋಳಿ ಆಹಾರ ಮಾರುವ ಅಂಗಡಿಯೊಂದರಲ್ಲಿ ಕಾಕ್ಸಿಡಿಯೋಸಿಸ್ (ಕರುಳು, ಯಕೃತ್ತಿಗೆ ತಗಲುವ ಪರಾವಲಂಬಿ ಜೀವಿಗಳ ರೋಗ) ತಡೆಗೆಂದು ಕೋಳಿಗಳ ಪ್ರೀಮಿಕ್ಸನ್ನೇ (ಆಹಾರಕ್ಕೆ ಬೆರೆಸುವ ಔಷಧ ಮಿಶ್ರಣವನ್ನೇ) ಮೊಲಗಳಿಗೂ ಹಾಕಲು ಹೇಳಿದ್ದರು. ಇದು ಅತ್ಯಂತ ಅಪಾಯಕಾರಿ ಸಲಹೆ. ಅಂತಹ ಮಿಶ್ರಣಗಳಲ್ಲಿ ಇರಬಹುದಾದ ನರಾಸಿನ್ ಎಂಬ ಔಷಧವನ್ನು ಮೊಲಗಳು ತಾಳಲಾರವು. ಆ ರೋಗಕ್ಕೆ ಯೀಸ್ಟ್ ಪುಡಿಯೂ ಮದ್ದಲ್ಲ. ಹಿಕ್ಕೆಯ ಪರೀಕ್ಷೆ ಮಾಡಿಸಿ ಪಶುವೈದ್ಯರು ಬರೆದುಕೊಟ್ಟ ಔಷಧವನ್ನೇ ಕೊಡಬೇಕು, ನೆಲದ ತೇವ ತೆಗೆಯಬೇಕು.

ನಮ್ಮ ಮಲೆನಾಡಿನ ಮಳೆಯಲ್ಲಿ ಶೇಂಗಾ ಹಿಂಡಿಗೆ ಬೇಗ ಬೂಷ್ಟು ಹಿಡಿಯುತ್ತದೆ, ಮತ್ತು ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಮೊಲದ ಯಕೃತ್ತಿಗೆ ಬಹುಬೇಗ ಹಾನಿ ಮಾಡುತ್ತದೆ. ಬೈಂಡರ್ ಹಾಕಿದ್ದೇವೆಂಬ ಧೈರ್ಯದಲ್ಲಿ ಬೂಷ್ಟು ಹಿಡಿದ ಹಿಂಡಿಯನ್ನು ಬಳಸಬಾರದು; ಕಣ್ಣಿಗೆ ಕಾಣದ ಅಲ್ಪಸ್ವಲ್ಪಕ್ಕಷ್ಟೇ ಅದು ನೆರವು.

ಯೀಸ್ಟ್ ಪುಡಿ ಕೊಳ್ಳುವವರು ದೊಡ್ಡ ಡಬ್ಬಿಯ ರಿಯಾಯಿತಿಗೆ ಮನಸೋಲದೆ ಚಿಕ್ಕ ಪೊಟ್ಟಣವನ್ನೇ ಆರಿಸಿಕೊಳ್ಳಿ, ತಯಾರಾದ ದಿನಾಂಕ ನೋಡಿ, ತಂಪಾದ ಒಣ ಜಾಗದಲ್ಲಿಡಿ. ಬೇಯಿಸಿದ ಕೈತಿಂಡಿಗೆ ಬಿಸಿಯಿರುವಾಗಲೇ ಬೆರೆಸಿದರೆ ಜೀವಂತ ಯೀಸ್ಟ್ ಸಾಯುತ್ತದೆ.