ಗ್ಲೂಟನ್ ತಿನ್ನಬಾರದ ಮಗು ಇರುವ ಮನೆಗೆ ಹಿಟ್ಟಿನ ಮಷೀನು: ತಗೋಬೇಕಾ, ಬೇಡ್ವಾ?

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಿ. ಮನೆಯಲ್ಲಿ ಸೀಲಿಯಾಕ್ (ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲೂಟನ್ ಅನ್ನುವ ಪ್ರೋಟೀನು ಕರುಳಿಗೆ ಆಗದ ಕಾಯಿಲೆ) ಇರುವ ಮಗು ಇದ್ದು, ಅದು ದಿನಾ ರೊಟ್ಟಿ, ಮುದ್ದೆ ಅಂತ ಹಿಟ್ಟಿನ ಮೇಲೇ ಬದುಕುತ್ತಿದ್ದರೆ, ಹದಿನೈದು ಇಪ್ಪತ್ತು ಸಾವಿರ ಕೊಟ್ಟು ಮನೆಗೇ ಒಂದು ಹಿಟ್ಟು ಬೀಸುವ ಮಷೀನು ತರುವುದು ದಂಡ ಅಲ್ಲ. ಅಂಗಡಿಯವರು ತಾಜಾ ಹಿಟ್ಟು, ನಾರಿನಂಶ, ಆರೋಗ್ಯ ಅಂತ ಏನೇನೋ ಹೇಳುತ್ತಾರೆ. ಅದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಬಿಟ್ಟುಬಿಡಿ. ನಮಗೆ ಬೇಕಾಗಿರುವುದು ಗೋಧಿ ಸೋಕದ ಹಿಟ್ಟು, ಅಷ್ಟೇ. ಆ ಒಂದು ಕೆಲಸವನ್ನು ಇದು ಚೆನ್ನಾಗಿ ಮಾಡುತ್ತದೆ. ಉಳಿದ ವಿಷಯಗಳಲ್ಲಿ ಇದಕ್ಕೆ ಬೇಕಾದಷ್ಟು ತೊಂದರೆ ಇವೆ, ಅದನ್ನೂ ಬರೆಯುತ್ತೇನೆ.

ನನ್ನ ಮಗಳು ಎರಡನೇ ಕ್ಲಾಸು. ಹೊಟ್ಟೆ ಉಬ್ಬರ, ಎತ್ತರ ಏರದೇ ಇರುವುದು, ಎಷ್ಟು ಕಬ್ಬಿಣದ ಸಿರಪ್ ಕುಡಿಸಿದರೂ ಮೇಲೇಳದ ಹಿಮೋಗ್ಲೋಬಿನ್, ಹೀಗೇ ಡಾಕ್ಟರಿಂದ ಡಾಕ್ಟರಿಗೆ ಸುತ್ತಿ ಕೊನೆಗೆ ಟಿಟಿಜಿ (ಈ ಕಾಯಿಲೆ ಇದ್ದರೆ ರಕ್ತದಲ್ಲಿ ಏರುವ ಒಂದು ಅಂಶ) ರಕ್ತಪರೀಕ್ಷೆ, ಎಂಡೋಸ್ಕೋಪಿ, ಬಯಾಪ್ಸಿ ಎಲ್ಲ ಆಗಿ ಸೀಲಿಯಾಕ್ ಅಂತ ಗೊತ್ತಾಯಿತು. ಇದಕ್ಕೆ ಮಾತ್ರೆ ಇಲ್ಲ. ಗೋಧಿ, ಬಾರ್ಲಿ, ರೈ (ಗೋಧಿಯಂಥದ್ದೇ ಒಂದು ಧಾನ್ಯ), ಈ ಮೂರನ್ನೂ ಜೀವನಪೂರ್ತಿ ಬಿಡಬೇಕು. ಉತ್ತರದ ಕಡೆ ಗೋಧಿ ತಿನ್ನುವುದು ಜಾಸ್ತಿ, ಈ ಕಾಯಿಲೆಯೂ ಅಲ್ಲಿ ಜಾಸ್ತಿ. 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ ನೂರಕ್ಕೆ 0.10. ಅದಕ್ಕೇ ನಮ್ಮ ಕಡೆ ಯಾರಿಗೆ ಹೇಳಿದರೂ "ಓ, ಗ್ಯಾಸ್ಟ್ರಿಕ್ಕಾ?" ಅಂತಾರೆ.

ನಾವಿರುವುದು ದಾವಣಗೆರೆಯಲ್ಲಿ. ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಮಂಡಕ್ಕಿ ಎಲ್ಲ ಸಿಗುವ ಊರಿನಲ್ಲಿ ಗೋಧಿ ಬಿಡುವುದು ಏನು ಮಹಾ ಅನ್ನಿಸುತ್ತೆ ಅಲ್ವಾ? ರಾಗಿಯಲ್ಲಿ ಗ್ಲೂಟನ್ ಇಲ್ಲ, ಜೋಳದಲ್ಲೂ ಇಲ್ಲ, ಸರಿ. ಆದರೆ ಅವೆರಡೂ ಹಿಟ್ಟಾಗುವುದು ಬೀದಿಯ ಗಿರಣಿಯಲ್ಲಿ. ಅಲ್ಲಿ ನಮಗಿಂತ ಮುಂಚೆ ನಿಂತವರ ಡಬ್ಬದಲ್ಲಿ ಹತ್ತು ಕೆಜಿ ಗೋಧಿ ಇರುತ್ತದೆ. ನಮ್ಮ ಗಿರಣಿಯವರು ಒಳ್ಳೆಯ ಮನುಷ್ಯ. ವಿಷಯ ಹೇಳಿದಾಗ "ಅಕ್ಕಾರೆ, ಮೊದ್ಲು ಒಂದ್ ಸೇರು ಅಕ್ಕಿ ಬಿಟ್ಟು ಆಮೇಲೆ ನಿಮ್ದು ಹಾಕ್ತೀನಿ ಬಿಡ್ರಿ" ಅಂದರು, ಹಾಗೇ ಮಾಡಿದರು ಕೂಡ. ಅಷ್ಟಾದರೂ ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳು ಇರುತ್ತದಲ್ಲ, ಅದನ್ನು ಬೆರಳಲ್ಲಿ ಒಂದು ಸಲ ತಟ್ಟಿ ನೋಡಿ. ಕಪ್ಪು ರಾಗಿ ಹಿಟ್ಟಿನ ಮೇಲೆ ಬಿಳೀ ಪುಡಿ ಉದುರುತ್ತದೆ. ಮಾಡು, ಗೋಡೆ, ಬಲ್ಬು, ತಕ್ಕಡಿ ಎಲ್ಲದರ ಮೇಲೂ ಅದೇ ಬಿಳಿ. ಅದನ್ನು ಯಾರು ತೊಳೆಯೋಕಾಗುತ್ತೆ?

ಅಷ್ಟು ಸ್ವಲ್ಪಕ್ಕೆ ಏನಾಗುತ್ತೆ ಅನ್ನುವವರಿಗೆ ಒಂದು ಲೆಕ್ಕ. ಪ್ಯಾಕೆಟ್ ಮೇಲೆ ಗ್ಲೂಟನ್ ಫ್ರೀ ಅಂತ ಹಾಕಬೇಕಾದರೆ ಕೆಜಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲೂಟನ್ ಇರಬಾರದು, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ಅದು. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೇ ಒಂದು ಭಾಗ ಗ್ಲೂಟನ್ನೇ. ಅಂದರೆ ಒಂದು ಕೆಜಿ ರಾಗಿ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಸೇರಿದರೂ ಮಿತಿ ದಾಟಿತು. ಕಾಲು ಗ್ರಾಂ ಅಂದರೆ ಒಂದು ಚಿಟಿಕೆ. ಗಿರಣಿಯ ಆ ಬಟ್ಟೆಯಲ್ಲಿ ಎಷ್ಟು ಚಿಟಿಕೆ ಇರಬಹುದು, ನೀವೇ ಯೋಚಿಸಿ.

ಇನ್ನು ಮಷೀನಿನ ವಿಷಯ. ಯಾವ ಕಂಪನಿ ಅಂತ ಬರೆಯುತ್ತಿಲ್ಲ, ಯಾಕೆಂದರೆ ಈ ಜಾತಿಯವು ಹೆಚ್ಚುಕಡಿಮೆ ಎಲ್ಲ ಒಂದೇ ಥರ. ಸಣ್ಣ ಬೀರುವಿನ ಹಾಗಿರುವ ಮರದ ಪೆಟ್ಟಿಗೆ, ಮೇಲೆ ಕಾಳು ಹಾಕುವ ಬಾಯಿ, ಒಳಗೆ 1 ಎಚ್.ಪಿ. ಮೋಟಾರು, ಕೆಳಗೆ ಸ್ಟೀಲ್ ಡಬ್ಬ. ಕಲ್ಲು ಇಲ್ಲ. ಉಕ್ಕಿನ ಬ್ಲೇಡು ಜೋರಾಗಿ ತಿರುಗಿ ಕಾಳನ್ನು ಹೊಡೆದು ಪುಡಿ ಮಾಡುತ್ತದೆ, ಸುತ್ತ ಇರುವ ಜಾಲರಿಯ ತೂತಿನಲ್ಲಿ ಹಿಡಿಸುವಷ್ಟು ನುಣ್ಣಗಾದದ್ದು ಕೆಳಗೆ ಬೀಳುತ್ತದೆ. ನುಣ್ಣಗೆ ಬೇಕಾ, ರವೆಯ ಹಾಗೆ ಬೇಕಾ ಅನ್ನುವುದಕ್ಕೆ ಬೇರೆ ಬೇರೆ ಜಾಲರಿ ಕೊಡುತ್ತಾರೆ. ಕರೆಂಟಿನ ಬಗ್ಗೆ ಹೆದರಬೇಡಿ. 1 ಎಚ್.ಪಿ. ಅಂದರೆ 746 ವ್ಯಾಟ್, ಒಂದು ಗಂಟೆ ಪೂರ್ತಿ ಓಡಿಸಿದರೂ ಒಂದು ಯೂನಿಟ್ ಒಳಗೇ ಮುಗಿಯುತ್ತದೆ.

ತರುವಾಗ ಒಂದು ವಿಷಯಕ್ಕೆ ಹುಷಾರು. ಮಷೀನು ಕೂರಿಸಲು ಬಂದ ಹುಡುಗ ಪೆಟ್ಟಿಗೆ ಬಿಚ್ಚಿ ಮೊದಲು ಕೇಳಿದ್ದೇ "ಮೇಡಂ, ಒಂದ್ ಕೆಜಿ ಗೋಧಿ ಕೊಡ್ರಿ, ಡೆಮೋ ತೋರಿಸ್ತೀನಿ" ಅಂತ! ಗೋಧಿ ಇಲ್ಲ ಅಂದರೆ ಅವನ ಬ್ಯಾಗಿನಲ್ಲೇ ಒಂದು ಪೊಟ್ಟಣ ಇತ್ತು. ನಮ್ಮತ್ತೆ ಅಡ್ಡ ನಿಂತು "ಅಕ್ಕಿ ಹಾಕಪ್ಪ, ಇಲ್ಲಾಂದ್ರೆ ಮಷೀನು ವಾಪಸ್ ತಗೊಂಡು ಹೋಗು" ಅಂದರು. ಪಾಪ, ಅವನಿಗೇನು ಗೊತ್ತು. ನೀವು ಆರ್ಡರ್ ಮಾಡುವಾಗಲೇ ಗೋಧಿ ಹಾಕಿ ಟೆಸ್ಟ್ ಮಾಡಬಾರದು ಅಂತ ಹೇಳಿ, ಬಂದಾಗ ಎದುರಿಗೇ ನಿಲ್ಲಿ. ಆಮೇಲೂ ಮೊದಲ ಒಂದೆರಡು ಕೆಜಿ ಅಕ್ಕಿ ಬೀಸಿ ಆ ಹಿಟ್ಟನ್ನು ಹಸುವಿಗೆ ಹಾಕಿಬಿಡಿ. ಕಡಿಮೆಗೆ ಸಿಗುತ್ತದೆ ಅಂತ ಯಾರೋ ಬಳಸಿದ ಹಳೇ ಮಷೀನನ್ನಂತೂ ತರಲೇಬೇಡಿ. ಜಾಲರಿ ಬದಲಿಸಬಹುದು, ಒಳಗಿನ ಸಂದಿಗಳಲ್ಲಿ ಕೂತ ಗೋಧಿ ಹೋಗಲ್ಲ.

ಯಾವುದು ಹೇಗೆ ಬೀಸುತ್ತದೆ ಅಂತ ಹೇಳುತ್ತೇನೆ. ರಾಗಿ ಬಹಳ ಚೆನ್ನಾಗಿ ಬರುತ್ತದೆ, ಮುದ್ದೆ ಗಂಟಾಗಲ್ಲ. ಅತಿ ನುಣ್ಣನೆ ಜಾಲರಿ ಹಾಕಿದರೆ ಗಿರಣಿ ಹಿಟ್ಟಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಜೋಳಕ್ಕೆ ಇದರಷ್ಟು ಒಳ್ಳೇದು ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ತಟ್ಟುವಾಗ ಅಂಚು ಬಿರಿಯುತ್ತದೆ, ಗೊತ್ತಲ್ಲ. ಮನೆಯಲ್ಲೇ ಬೇಕಾದಾಗ ಅರ್ಧ ಕೆಜಿ ಬೀಸಿಕೊಂಡರೆ ಆ ತಾಪತ್ರಯ ಇಲ್ಲ. ಗಿರಣಿಗೆ ಅರ್ಧ ಕೆಜಿ ಹಿಡಿದುಕೊಂಡು ಹೋದರೆ ಬೈಯುತ್ತಾರೆ. ಅಕ್ಕಿಗೆ ಮಾತ್ರ ತಾಳ್ಮೆ ಬೇಕು. ತೊಳೆದು ಹಾಕುವುದಾದರೆ ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಬೇಕು. ಸ್ವಲ್ಪ ಪಸೆ ಇದ್ದರೂ ಜಾಲರಿಯ ತೂತಿಗೆ ಹಿಟ್ಟು ಮೆತ್ತಿಕೊಂಡು ಮೋಟಾರು ಗೊರ್ ಅಂತ ಏದುಸಿರು ಬಿಡುತ್ತದೆ, ಆಮೇಲೆ ಹಲ್ಲುಜ್ಜುವ ಬ್ರಷ್ ಹಿಡಿದು ಕೂರುವ ಕೆಲಸ ನಿಮ್ಮದು. ಕಡಲೆಬೇಳೆ ಬರುತ್ತದೆ, ಬಿಸಿಲಿಗೆ ಹಾಕಿ ಗರಿಗರಿ ಮಾಡಿದರೆ. ಮನೆಯ ಕಡಲೆಹಿಟ್ಟು ಬಂದ ಮೇಲೆ ನಮ್ಮ ಮಗಳು ಮೆಣಸಿನಕಾಯಿ ಬಜ್ಜಿ ತಿನ್ನುವಂತಾಯಿತು. ದಾವಣಗೆರೆಯಲ್ಲಿ ಹುಟ್ಟಿ ಮಂಡಕ್ಕಿ ಜೊತೆ ಮಿರ್ಚಿ ಇಲ್ಲ ಅಂದರೆ ಹೇಗೆ ಹೇಳಿ! ಎಣ್ಣೆ ಅಂಶ ಇರುವುದನ್ನು, ಶೇಂಗಾ, ಎಳ್ಳು, ಒಣಕೊಬ್ಬರಿ, ಇಂಥದ್ದನ್ನು ಹಾಕಬೇಡಿ. ಅದಕ್ಕೆ ಮಿಕ್ಸಿಯೇ ಸರಿ.

ಚಪಾತಿ ಬೇಕು ಅಂತ ಹಟ ಮಾಡುವ ಮಕ್ಕಳಿರುತ್ತಾರೆ, ನಮ್ಮವಳೂ ಅದೇ, ಕ್ಲಾಸಲ್ಲಿ ಎಲ್ಲರ ಡಬ್ಬಿಯಲ್ಲೂ ಚಪಾತಿ ರೋಲ್ ಇರುತ್ತದೆ. ಜೋಳದ ಹಿಟ್ಟಿಗೆ ಸ್ವಲ್ಪ ಅಕ್ಕಿ ಹಿಟ್ಟು ಸೇರಿಸಿ, ಕುದಿಯುವ ನೀರಿನಲ್ಲಿ ಉಕ್ಕರಿಸಿ, ಒಂದು ಚಮಚ ಇಸಬಗೋಲು ಹಾಕಿ ನಾದಿದರೆ ಲಟ್ಟಿಸಲು ಬರುತ್ತದೆ. ಮಡಚಿದರೆ ಮುರಿಯಲ್ಲ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಬಿರುಸಾಗುತ್ತದೆ, ಅದಕ್ಕೆ ನನಗೆ ಇನ್ನೂ ಪರಿಹಾರ ಸಿಕ್ಕಿಲ್ಲ. ಅಂಗಡಿಯ ಗ್ಲೂಟನ್ ಫ್ರೀ ಹಿಟ್ಟಿನ ಪ್ಯಾಕೆಟ್ಟುಗಳಲ್ಲಿ ಮೆತ್ತಗೆ ಬರುತ್ತವೆ, ಒಪ್ಪುತ್ತೇನೆ, ಆದರೆ ಸಾದಾ ಗೋಧಿ ಹಿಟ್ಟಿನ ಮೂರು ನಾಲ್ಕು ಪಟ್ಟು ಬೆಲೆ. ಬರ್ತ್‌ಡೇ, ಪ್ರವಾಸ ಅಂತ ಇಟ್ಟುಕೊಳ್ಳಬಹುದು. ದಿನಾ ಆಗಲ್ಲ.

ಈಗ ದೂರು. ಒಂದನೇದು ಸದ್ದು. ಮಿಕ್ಸಿಯ ಸದ್ದನ್ನು ಐದು ನಿಮಿಷ ತಡೆಯಬಹುದು, ಇದು ಅರ್ಧ ಗಂಟೆ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಮಧ್ಯಾಹ್ನ ಮಲಗುವ ಹೊತ್ತು ಬಿಟ್ಟು ಬೀಸಿ. ಎರಡನೇದು, ಧೂಳು ಬರಲ್ಲ ಅಂತ ಹೇಳುತ್ತಾರೆ, ಬರುತ್ತದೆ. ಬಾಗಿಲ ಸಂದಿಯಲ್ಲಿ ಸಣ್ಣಗೆ ಹಿಟ್ಟು ಹಾರುತ್ತದೆ. ತಾನೇ ಕ್ಲೀನ್ ಮಾಡಿಕೊಳ್ಳುತ್ತದೆ ಅನ್ನುವುದೂ ಅರ್ಧ ನಿಜ. ಒಳಗಿನ ಬಟ್ಟೆಯ ಚೀಲವನ್ನು ನಾವೇ ಬಿಚ್ಚಿ ಒದರಬೇಕು, ಇಲ್ಲಾಂದರೆ ಮಳೆಗಾಲದಲ್ಲಿ ಹುಳ ಬೀಳುತ್ತದೆ. ಮೂರನೇದು ಸರ್ವಿಸ್. ಜಾಲರಿ ಹರಿದಾಗ ಹೊಸದಕ್ಕೆ ಕಾದು ಕಾದು ಸಾಕಾಯಿತು. ಫೋನ್ ಮಾಡಿದರೆ "ನಾಳೆ ಬರ್ತಾರೆ" ಅನ್ನುವ ಒಂದೇ ಮಾತು. ಕೊಳ್ಳುವಾಗಲೇ ನುಣ್ಣನೆ ಜಾಲರಿ ಒಂದು ಜಾಸ್ತಿ ತೆಗೆದಿಟ್ಟುಕೊಳ್ಳಿ. ಇನ್ನೊಂದು, ಸರ್ವಿಸ್‌ನವನು ಬಂದರೆ ಅವನ ಬ್ರಷ್, ಅವನ ಬಟ್ಟೆ ಒಳಗೆ ಬಿಡಬೇಡಿ. ಬೆಳಗ್ಗೆಯಿಂದ ಎಷ್ಟು ಮನೆಯ ಗೋಧಿ ಒರೆಸಿರುತ್ತಾನೋ!

ಅಕ್ಕಪಕ್ಕದವರದ್ದು ಬೇರೆ ಕಥೆ. ಮಷೀನು ಬಂದ ಸುದ್ದಿ ಹರಡಿದ್ದೇ ತಡ, "ಎರಡು ಕೆಜಿ ಗೋಧಿ ಹಾಕ್ಕೊಡ್ತೀರಾ" ಅಂತ ಡಬ್ಬ ಹಿಡಿದು ಬರುತ್ತಾರೆ. ಮಗುವಿಗೆ ಆಗಲ್ಲ ಅಂದರೆ "ನಮ್ಮದು ಶರಬತಿ ಗೋಧಿ, ಏನೂ ಆಗಲ್ಲ" ಅಂತ ವಾದ. ನಮ್ಮತ್ತೆ ಈಗ ಯಾರು ಕೇಳಿದರೂ ಮಷೀನು ಕೆಟ್ಟಿದೆ ಅಂದುಬಿಡುತ್ತಾರೆ. ಅದು ಒಳಗೆ ಓಡುವ ಸದ್ದು ಬೀದಿಗೆ ಕೇಳುತ್ತಿದ್ದರೂ ಸರಿಯೇ.

ಮಷೀನು ಇದ್ದ ಮಾತ್ರಕ್ಕೆ ಮುಗಿಯಲ್ಲ, ಕಾಳು ಕೂಡ ಶುದ್ಧ ಇರಬೇಕು. ಸಡಿಲ ಜೋಳ ತಂದರೆ ಅದರಲ್ಲಿ ಅಲ್ಲೊಂದು ಇಲ್ಲೊಂದು ಗೋಧಿ ಕಾಳು ಇದ್ದೇ ಇರುತ್ತದೆ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಮೊಗೆಯುವ ಡಬ್ಬ. ದೊಡ್ಡ ತಟ್ಟೆಯಲ್ಲಿ ಹರಡಿ ಆರಿಸಿ, ತೊಳೆದು, ಒಣಗಿಸಿಯೇ ಬೀಸಬೇಕು. ರಾಗಿಯಲ್ಲಿ ಗೋಧಿ ದೊಡ್ಡದಾಗಿ ಕಾಣುತ್ತದೆ, ಜರಡಿ ಹಿಡಿದರೆ ಮೇಲೇ ಉಳಿಯುತ್ತದೆ, ಸುಲಭ. ಜೋಳದಲ್ಲಿ ಕಣ್ಣು ನೋಯುವಷ್ಟು ಹುಡುಕಬೇಕು.

ಹಿಟ್ಟು ಸರಿಹೋದ ಮೇಲೂ ಒಗ್ಗರಣೆ ಡಬ್ಬಿ ನೋಡಿ. ಅಂಗಡಿಯ ಇಂಗಿನ ಡಬ್ಬಿಯ ಹಿಂದೆ ಓದಿ, ಸುಮಾರು ಬ್ರ್ಯಾಂಡುಗಳಲ್ಲಿ ಇಂಗಿಗಿಂತ ಮೈದಾನೇ ಜಾಸ್ತಿ. ಅಕ್ಕಿ ಹಿಟ್ಟಿನ ಇಂಗೂ ಸಿಗುತ್ತದೆ, ಕೇಳಿ ತಗೊಳ್ಳಿ. ಮಾಲ್ಟ್ ಅಂತ ಬರೆದ, ಹಾಲಿಗೆ ಬೆರೆಸುವ ಪುಡಿಗಳಲ್ಲಿ ಸಾಮಾನ್ಯವಾಗಿ ಬಾರ್ಲಿ ಇರುತ್ತದೆ. ಸತ್ಯನಾರಾಯಣ ಪೂಜೆಯ ಸಪಾದ ಗೋಧಿ ರವೆಯದ್ದು. ದೇವರ ಪ್ರಸಾದ, ಒಂದು ಚೂರು ಬಾಯಿಗೆ ಹಾಕು ಅನ್ನುವ ಹಿರಿಯರಿಗೆ ಇಲ್ಲ ಅನ್ನುವುದಕ್ಕಿಂತ, ನಾವು ಅಕ್ಕಿ ತರಿಯದ್ದು ಒಂದು ಬಟ್ಟಲು ಬೇರೆ ಮಾಡಿ ನೈವೇದ್ಯಕ್ಕೆ ಇಡುತ್ತೇವೆ. ಆ ತರಿಯೂ ಇದೇ ಮಷೀನಿನದ್ದೇ, ದಪ್ಪ ಜಾಲರಿ ಹಾಕಿದರೆ ಆಯಿತು.

ಫಲ ಏನು ಅಂತ ಕೇಳುವವರಿಗೆ: ಮಗಳ ಟಿಟಿಜಿ ಗೋಧಿ ಬಿಟ್ಟ ಮೇಲೆ ಇಳಿಯುತ್ತಿತ್ತು, ಆದರೆ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿತ್ತು. ಗಿರಣಿ ಬಿಟ್ಟ ಮೇಲೆ ಮತ್ತೆ ಇಳಿಯಿತು. ಇದರಿಂದಲೇ ಅಂತ ಆಣೆ ಹಾಕಿ ಹೇಳಲ್ಲ, ಅದೇ ಹೊತ್ತಿಗೆ ಇಂಗೂ ಬದಲಾಯಿತು, ಹೋಟೆಲ್ ದೋಸೆಯೂ ನಿಂತಿತು, ಯಾಕೆಂದರೆ ಅಲ್ಲಿ ರವೆ ದೋಸೆ ಹಾಕುವುದೂ ಅದೇ ಕಾವಲಿಯ ಮೇಲೆ.

ನೀವು ಅನ್ನವೇ ಜಾಸ್ತಿ ತಿನ್ನುವವರು, ವಾರಕ್ಕೊಮ್ಮೆ ರೊಟ್ಟಿ ಮಾಡುವವರು ಆದರೆ ಇದು ಬೇಡ, ಅಕ್ಕಿಯನ್ನು ನೆನೆಸಿ ರುಬ್ಬಿ ನೀರ್‌ದೋಸೆ, ಕಡುಬು ಮಾಡಿದರೆ ಸಾಕು, ರೊಟ್ಟಿಗೆ ಬೇಕಾದಷ್ಟನ್ನು ಮಿಕ್ಸಿಯಲ್ಲೇ ಪುಡಿ ಮಾಡಿ ಜರಡಿ ಹಿಡಿಯಬಹುದು. ಮನೆಯಲ್ಲಿ ಉಳಿದವರಿಗೆ ಗೋಧಿ ಹಿಟ್ಟು ಬೇಕೇ ಬೇಕು, ಅದನ್ನೂ ಇದರಲ್ಲೇ ಬೀಸೋಣ ಅನ್ನುವ ಯೋಚನೆ ಇದ್ದರೂ ತಗೋಬೇಡಿ, ದುಡ್ಡು ದಂಡ. ಮುದ್ದೆ, ರೊಟ್ಟಿ ದಿನಾ ಬೇಕು ಅನ್ನುವ ಮನೆಯಾದರೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಕಳೆದ ಆ ಒಂದು ಸ್ಟಾರು "ನಾಳೆ ಬರ್ತಾರೆ" ಅಂದವರ ಲೆಕ್ಕಕ್ಕೆ.